ಪೂಜೆ ಕದಲಿಸುವ ಮುಂಚೆ

ಹೋದ ವರ್ಷ ದಸರಾ ಕಳೆದ ಮಾರನೆಯ ದಿನ ಯಳಂದೂರಿನ ಒಂದು ಸಹಕಾರ ಸಂಘದಲ್ಲಿ ನನಗೆ ಕೆಲಸವಿತ್ತು. ಕಂಪ್ಯೂಟರಿಗೆ ಕನ್ನ ಹಾಕುವವರು ಈಗ ಯಾವ ದಾರಿಯಲ್ಲಿ ಬರುತ್ತಾರೆ, ಬಂದದ್ದು ಗೊತ್ತಾದ ಮೊದಲ ಹತ್ತು ನಿಮಿಷದಲ್ಲಿ ಏನು ಮಾಡಬೇಕು, ಏನು ಮಾಡಬಾರದು ಎಂದು ಸಿಬ್ಬಂದಿಗೆ ಹೇಳಿಕೊಡುವ ಕೆಲಸ. ಕೊಳ್ಳೇಗಾಲ, ಹನೂರು, ಯಳಂದೂರು ಎಂದು ಬಸ್ಸಿನಲ್ಲಿ ತಿರುಗುತ್ತಾ ಇದನ್ನೇ ಹೇಳಿ ಹೊಟ್ಟೆ ಹೊರೆಯುತ್ತಿದ್ದೇನೆ. ಅಲ್ಲಿನ ಗುಮಾಸ್ತೆ ಬೀಗ ತೆಗೆದು ಬಾಗಿಲು ತಳ್ಳಿದಳು. ಬಾಡಿದ ಚೆಂಡುಹೂವು, ಉರಿದು ಹೋದ ಕರ್ಪೂರ, ಎರಡು ದಿನ ಆರಿಸದೆ ಬಿಟ್ಟ ಯಂತ್ರದ ಬಿಸಿ, ಮೂರೂ ಸೇರಿದ ವಾಸನೆ ಮುಖಕ್ಕೆ ಬಡಿಯಿತು. ನಾನು ಹೊಸಿಲ ಮೇಲೆಯೇ ನಿಂತುಬಿಟ್ಟೆ.

“ಯಾಕ್ ಮೇಡಂ, ಊವಿನ ವಾಸ್ನೆ ಆಗಲ್ವಾ?” ಎಂದಳು ಆಕೆ.

“ಆಗಲ್ಲ ಕಣಮ್ಮ,” ಎಂದೆ. ಹಸಿ ಸುಳ್ಳು. ಚೆಂಡುಹೂವಿನ ಹೊಲದಲ್ಲೇ ಬಿದ್ದು ಎದ್ದು ಬೆಳೆದವಳು ನಾನು.

ಒಳಗೆ ಪರದೆಗೆ ಅರಿಸಿನ ಕುಂಕುಮ ಹಚ್ಚಿದ್ದರು, ಕೀಬೋರ್ಡಿನ ಮೇಲೆ ಹೂವಿನ ಎಸಳು ಉದುರಿತ್ತು. ನಾನು ಮೊದಲು ಮಾಡಿದ ಕೆಲಸವೆಂದರೆ ಯಂತ್ರದ ಹಿಂದಕ್ಕೆ ಕೈ ಹಾಕಿ, ನಕಲು ಇಡುವ ಹಾರ್ಡ್ ಡಿಸ್ಕ್ ಸಿಕ್ಕಿಸಿದ್ದಾರೆಯೇ ಎಂದು ತಡಕಿದ್ದು. ಸಿಕ್ಕಿಸಿರಲಿಲ್ಲ. ಉಸಿರು ಬಿಟ್ಟು ಪಾಠ ಶುರು ಮಾಡಿದೆ. ಆದರೆ ಅವತ್ತಿನ ಪಾಠ ಚೆನ್ನಾಗಿ ಆಗಲಿಲ್ಲ. ಬಾಯಿ ಯಳಂದೂರಿನಲ್ಲಿ ಮಾತಾಡುತ್ತಿತ್ತು, ಮನಸ್ಸು ಕೆಲವು ವರ್ಷ ಹಿಂದಿನ ಕೊಳ್ಳೇಗಾಲದಲ್ಲಿತ್ತು.

ಆ ವರ್ಷ ಆಷಾಢದಲ್ಲಿ ನಾನು ಕೊಳ್ಳೇಗಾಲದ ಒಂದು ರೇಷ್ಮೆ ನೇಕಾರರ ಸೊಸೈಟಿಗೆ ಕೆಲಸಕ್ಕೆ ಸೇರಿದ್ದೆ. ಕಂಪ್ಯೂಟರ್ ಡಿಪ್ಲೊಮಾ ಮುಗಿಸಿಕೊಂಡು ಕಾಮಗೆರೆಯ ಮನೆಯಲ್ಲಿ ಕೂತು ಅವ್ವನ ಕೈಯಲ್ಲಿ ಬೈಸಿಕೊಳ್ಳುತ್ತಿದ್ದವಳಿಗೆ ಅದು ಮೊದಲ ಕೆಲಸ. ದಿನಾ ಬೆಳಿಗ್ಗೆ ಬಸ್ಸು ಹಿಡಿಯುತ್ತಿದ್ದೆ. ಆಷಾಢದ ಗಾಳಿಗೆ ಬಸ್ ನಿಲ್ದಾಣದಿಂದ ಸೊಸೈಟಿಗೆ ನಡೆಯುವಷ್ಟರಲ್ಲಿ ಬಾಯಿ ತುಂಬ ಮಣ್ಣು. ರೇಷ್ಮೆಗೂಡು ಬೇಯಿಸುವ ವಾಸನೆ ಬೀದಿಗೆ ಇಳಿದ ದಿನ ಬೆಳಗಿನ ತಿಂಡಿ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಆದರೂ ನನಗೆ ಆ ಕೆಲಸದ ಮೇಲೆ ಎಲ್ಲಿಲ್ಲದ ಗರ್ವ. ಇಡೀ ಸೊಸೈಟಿಯಲ್ಲಿ ಕಂಪ್ಯೂಟರ್ ಬಲ್ಲವಳು ನಾನೊಬ್ಬಳೇ. ಆಳಿಲ್ಲದ ಊರಿಗೆ ಉಳಿದವನೇ ಗೌಡ ಅನ್ನುವ ಹಾಗೆ.

ಸೊಸೈಟಿಯ ಮಗ್ಗಗಳಿಗೆ ಹೊಸದಾಗಿ, ಚಿತ್ತಾರದ ಎಳೆಗಳನ್ನು ತಾನೇ ಎತ್ತುವ ಎಲೆಕ್ಟ್ರಾನಿಕ್ ಜಕಾರ್ಡ್ ಯಂತ್ರ ಕೂರಿಸಿದ್ದರು. ಅದಕ್ಕೆ ಮುಂಚೆ ಸೀರೆಯ ಅಂಚು, ಸೆರಗಿನ ಚಿತ್ತಾರವನ್ನು ಚೌಕಗಳಿರುವ ಗ್ರಾಫ್ ಹಾಳೆಯ ಮೇಲೆ ಕೈಯಲ್ಲೇ ಬರೆದು, ಅದನ್ನು ನೋಡಿಕೊಂಡು ರಟ್ಟಿನ ಪಟ್ಟಿಗಳಲ್ಲಿ ತೂತು ಹೊಡೆದು ಮಗ್ಗದ ಮೇಲೆ ಕಟ್ಟುತ್ತಿದ್ದರು. ಆ ರಟ್ಟುಗಳೆಲ್ಲ ರದ್ದಿಗೆ ಹೋಗಿದ್ದವು; ಈಗ ನಕ್ಷೆಯನ್ನು ಕಂಪ್ಯೂಟರಿಗೆ ಏರಿಸಿ, ಪೆನ್ ಡ್ರೈವಿನಲ್ಲಿ ಒಯ್ದು ಮಗ್ಗಕ್ಕೆ ಸಿಕ್ಕಿಸಿದರೆ ಸಾಕು. ಏರಿಸುವ ಕೆಲಸ ನನ್ನದು. ಏರಿಸಬೇಕಾದ ನಕ್ಷೆಗಳೆಲ್ಲ ಒಬ್ಬರೇ ಬರೆದವು, ಚೌಡಪ್ಪನವರು.

ಚೌಡಪ್ಪನವರಿಗೆ ಎಪ್ಪತ್ತು ದಾಟಿತ್ತು. ಹದಿನೈದನೇ ವಯಸ್ಸಿನಿಂದ ನಕ್ಷೆ ಬರೆದವರು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದು, ಆ ವರ್ಷದ ಹೊತ್ತಿಗೆ ಬೆಳಕು ಯಾವುದು ನೆರಳು ಯಾವುದು ಎಂದಷ್ಟೇ ತಿಳಿಯುತ್ತಿತ್ತು. ತಗಡಿನ ಟ್ರಂಕಿನಲ್ಲಿ ಒಂದು ಜನ್ಮದ ನಕ್ಷೆಗಳನ್ನೆಲ್ಲ ತುಂಬಿ, ತಳ್ಳುಗಾಡಿಯ ಮೇಲಿಟ್ಟು, ಹಿರಿಯ ಮಗಳು ಸರಸಮ್ಮನ ಹೆಗಲು ಹಿಡಿದು ಸೊಸೈಟಿಗೆ ಬಂದರು. ಗಂಡ ತೀರಿಕೊಂಡ ಮೇಲೆ ಸರಸಮ್ಮ ಅಪ್ಪನ ಮನೆಯಲ್ಲೇ ಮಗ್ಗ ಹಾಕಿಕೊಂಡು ಮಗಳನ್ನು ಸಾಕಿದವರು.

“ನೀನಾ ಮಗ ಕಂಪ್ಯೂಟ್ರು?” ಎಂದು ಚೌಡಪ್ಪನವರು ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದರು.

“ಊಂ ತಾತ. ಮಾದೇವಿ ಅಂತ. ಕಾಮಗೆರೆ.”

“ಸರಿ ಕಣವ್ವ ಮಾದೇವಿ. ಒಂದು ಚೌಕ ಅಂದ್ರೆ ಒಂದು ಎಳೆ. ಒಂದು ಚೌಕ ತಪ್ಪುದ್ರೆ ಸೀರೆ ಉದ್ದಕ್ಕೂ ತಪ್ಪೇ ನೇಯ್ತದೆ ಮಗ್ಗ. ಅದ್ಕೆ ಬುದ್ದಿ ಇಲ್ಲ. ಬುದ್ದಿ ನಿಂದೇ ಇರ್ಬೇಕು.”

ಶ್ರಾವಣ, ಭಾದ್ರಪದ ಎರಡು ತಿಂಗಳೂ ನಾವಿಬ್ಬರೂ ಆ ಕೋಣೆಯಲ್ಲಿ ಕೂತೆವು. ನಾನು ಹಾಳೆ ತೆಗೆದು ಇಂಥದ್ದು ಎನ್ನುವುದು, ಅವರು ಅದರ ಕತೆ ಹೇಳುವುದು. ಈ ಮಾವಿನಕಾಯಿ ಅಂಚು ಯಾವ ಮನೆಯ ಮದುವೆಗೆ, ಈ ರಾಗಿತೆನೆ ಯಾವ ಬರಗಾಲದ ವರ್ಷ ಬರೆದದ್ದು, ಎಲ್ಲ ನೆನಪಿತ್ತು. ನಡುನಡುವೆ ನನ್ನನ್ನು ರೇಗಿಸುವರು. “ನಿಮ್ಮೂರಲ್ಲೇ ದೊಡ್ಡಾಸ್ಪತ್ರೆ ಮಡೀಕಂಡೂ ಇಷ್ಟು ಬಡಕಲಾಗಿದ್ದೀಯಂತಲ್ಲ, ಸರಸಿ ಏಳ್ತಿದ್ಲು,” ಎನ್ನುವರು. ನನ್ನ ತಾತನನ್ನು ನಾನು ನೋಡಿರಲಿಲ್ಲ. ಆ ಎರಡು ತಿಂಗಳು ನನಗೊಬ್ಬ ತಾತ ಸಿಕ್ಕಿದ್ದ.

ಟ್ರಂಕಿನ ತಳದಲ್ಲಿ ಬಿಳಿ ಪಂಚೆಯಲ್ಲಿ ಸುತ್ತಿಟ್ಟ ಒಂದು ನಕ್ಷೆಯಿತ್ತು. ಸಾಲಾಗಿ ಓಡುವ ಗೌಜಲಹಕ್ಕಿಗಳ ಅಂಚು. ತಾಯಿ ಮುಂದೆ, ಹಿಂದೆ ಮರಿಗಳು. ಅದನ್ನು ಅವರ ಕೈಗೆ ಕೊಟ್ಟಾಗ ಪಂಚೆಯನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು ಅದರ ಕತೆಯನ್ನೂ ಹೇಳಿದರು. ಅದು ಕಿರಿಯ ಮಗಳು ಗೌರಿಯ ಮದುವೆ ಸೀರೆಗೆಂದು ಬರೆದದ್ದು. ಮದುವೆಗೆ ಇನ್ನು ಒಂದು ತಿಂಗಳಿದೆ ಎನ್ನುವಾಗ ಗೌರಿ ಕಾಮಾಲೆಯಲ್ಲಿ ತೀರಿಕೊಂಡಳು. ಆ ನಕ್ಷೆಯನ್ನು ಅವರು ಯಾವ ಮಗ್ಗಕ್ಕೂ ಕೊಡಲಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲಾಗಿತ್ತು.

“ಈಗ ಸರಸಿ ಮಗಳು ಕಾವ್ಯನ ಮದ್ವೆ ಗೊತ್ತಾಗ್ಯದೆ, ಮಾಗಕ್ಕೆ,” ಎಂದರು. “ಅವ್ಳಿಗೆ ಇದ್ನ ನೇಯ್ಸನಾ ಅಂತ. ನಾನು ಇರೋಗಂಟ ಒಂದ್ಸಲ ಇದು ಮಗ್ಗದ ಮ್ಯಾಲೆ ಬರ್ಲಿ. ಇಜಯದಶ್ಮಿ ದಿನ ಮಗ್ಗಕ್ಕೆ ಆಕುಮ.”

ಉಳಿದ ನಕ್ಷೆಗಳಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡು ಅದನ್ನು ಏರಿಸಿದೆ. ಚೌಕ ಚೌಕವನ್ನೂ ದೊಡ್ಡದು ಮಾಡಿ ನೋಡಿದೆ. ಇಲ್ಲಿಯವರೆಗೆ ನಾನು ಮಾಡಿದ ಕೆಲಸದಲ್ಲಿ ಅಷ್ಟು ಶುದ್ಧವಾದದ್ದು ಇನ್ನೊಂದಿಲ್ಲ.

ನನ್ನ ಮೊದಲ ತಪ್ಪು ನಡೆದದ್ದು ಭಾದ್ರಪದದ ಕೊನೆಗೆ. ಟ್ರಂಕಿಗೆ ಗೆದ್ದಲು ಹತ್ತಿತ್ತು, ಹಾಳೆಗಳ ಅಂಚು ಜರಡಿಯಾಗಿತ್ತು. ಎಲ್ಲವನ್ನೂ ಏರಿಸಿ ಮುಗಿಸಿದ ದಿನ ಚೌಡಪ್ಪನವರು ಕೇಳಿದರು, “ಮಗ, ಇನ್ನು ಈ ಕಾಗ್ದ ಬೇಡ್ವಾ?”

“ಬೇಡ ತಾತ. ಕಾಗದಕ್ಕೆ ಗೆದ್ಲು ಹತ್ತುತ್ತೆ, ಇದಕ್ಕೆ ಹತ್ತಲ್ಲ. ಎರಡು ಕಡೆ ಇಟ್ಟಿದ್ದೀನಿ. ಯಂತ್ರದಲ್ಲೊಂದು, ಬೀರುವಿನಲ್ಲಿ ಬೀಗ ಹಾಕಿ ಹಾರ್ಡ್ ಡಿಸ್ಕಲ್ಲೊಂದು.”

ಎರಡು ದಿನ ಬಿಟ್ಟು ಮತ್ತೆ ಕೇಳಿದರು. “ಬೇಡ್ವೇ ಬೇಡ್ವಾ ಕಾಗ್ದ?” ನಾನು ನಕ್ಕು ಅದನ್ನೇ ಹೇಳಿದೆ.

ಹರಿದ ಪುಸ್ತಕ, ಒಡೆದ ದೇವರ ಪಟವನ್ನು ಕಸಕ್ಕೆ ಹಾಕದೆ ಹೊಳೆಗೆ ಬಿಡುವುದು ನಮ್ಮ ಕಡೆ ಪದ್ಧತಿ. ಅವರು ಸರಸಮ್ಮನನ್ನು ಕರೆದುಕೊಂಡು ದಾಸನಪುರದ ಹತ್ತಿರ ಕಾವೇರಿಗೆ ಹೋಗಿ, ಪೂಜೆ ಮಾಡಿ, ಐವತ್ತೈದು ವರ್ಷದ ಕಾಗದವನ್ನೆಲ್ಲ ನೀರಿಗೆ ಬಿಟ್ಟು ಬಂದರು. ಗೌರಿಯ ನಕ್ಷೆಯನ್ನೂ. ನನಗೆ ಮಾರನೆಯ ದಿನ ಒಂದು ಕೊಬ್ಬರಿ ಹೋಳು, ಬಾಳೆಹಣ್ಣು ತಂದುಕೊಟ್ಟರು. ನಾನು ಅದನ್ನು ತಿಂದೆ.

ನಕ್ಷೆಗಳನ್ನು ಇನ್ನೊಂದು ಕಡೆ, ಊರಾಚೆ ಎಲ್ಲಾದರೂ ಇಡಬೇಕಿತ್ತು. ಅಂತರ್ಜಾಲದಲ್ಲಿ ಬಾಡಿಗೆಗೆ ಜಾಗ ಸಿಗುತ್ತಿತ್ತು. ಆದರೆ ಕಾರ್ಯದರ್ಶಿ ಬಸವರಾಜಪ್ಪನವರು ಒಪ್ಪಲಿಲ್ಲ. ಪವರ್‌ಲೂಮಿನವರು ನಕ್ಷೆ ಕದ್ದು ಅಗ್ಗದ ಸೀರೆ ಹೊಡೆದು ಬಿಡುತ್ತಾರೆ ಎಂಬುದು ನೇಕಾರರ ಹಳೆಯ ಭಯ, ಆ ಭಯ ಸುಳ್ಳೂ ಅಲ್ಲ. “ನಕ್ಸೆ ಈ ಕಟ್ಟಡ ದಾಟ್ಕೂಡದು,” ಎಂದಿದ್ದರು. ನಾನೂ ಹೂಂ ಎಂದೆ. ಪಕ್ಕದ ಬೀದಿಯ ಕಳ್ಳನಿಗೆ ಹೆದರಿ ಎಲ್ಲವನ್ನೂ ಒಂದೇ ಕೋಣೆಯಲ್ಲಿ ಕೂಡಿಹಾಕಿದೆವು. ಪ್ರತಿ ಶನಿವಾರ ಹಾರ್ಡ್ ಡಿಸ್ಕ್ ತೆಗೆದು, ನಕಲು ಮಾಡಿ, ಕಿತ್ತು, ಮತ್ತೆ ಬೀರುವಿಗಿಟ್ಟು ಬೀಗ ಹಾಕುವುದು ನಾನೇ ಮಾಡಿಕೊಂಡ ಕಟ್ಟಳೆ. ಆ ಕಟ್ಟಳೆ ಸರಿಯಾಗಿಯೇ ಇತ್ತು, ಕಿತ್ತಿಟ್ಟ ಡಿಸ್ಕಿಗೆ ಯಂತ್ರದೊಳಗೆ ನುಗ್ಗಿದವನ ಕೈ ಮುಟ್ಟುವುದಿಲ್ಲ.

ಮಹಾಲಯದ ವಾರ ಒಂದು ಮಿಂಚಂಚೆ ಬಂತು. ದಸರಾ ವಸ್ತುಪ್ರದರ್ಶನದಲ್ಲಿ ನಿಮ್ಮ ಸೊಸೈಟಿಗೆ ಮಳಿಗೆ ಕೊಟ್ಟಿದೆ, ಪಟ್ಟಿ ಲಗತ್ತಿಸಿದೆ ಎಂದು. ಅಲ್ಲಿಯವರೆಗೆ ಮೋಸದ ಅಂಚೆ ಎಂದರೆ ನಮಗೆ ನಗೆಪಾಟಲು. ಅದರ ಕನ್ನಡ ಓದಿದರೆ ಎಮ್ಮೆಯೂ ನಗಬೇಕು. ಇದರಲ್ಲಿ ಒಂದು ಕಾಗುಣಿತ ತಪ್ಪಿಲ್ಲ. “ತಮ್ಮ ನೇಕಾರ ಬಂಧುಗಳಿಗೆ ನಮಸ್ಕಾರ” ಎಂದು ಶುರುವಾಗಿತ್ತು. ಯಂತ್ರಗಳೇ ಇಷ್ಟು ಚೆಂದದ ಕನ್ನಡ ಬರೆಯುವ ಕಾಲ ಬಂದಿದೆ ಎಂದು ನನಗೆ ಗೊತ್ತಿರಲಿಲ್ಲ. ನಿಜವಾದ ಕಚೇರಿ ಪತ್ರವಾಗಿದ್ದರೆ ಎರಡು ತಪ್ಪಾದರೂ ಇರುತ್ತಿತ್ತು. ಲಗತ್ತನ್ನು ಒತ್ತಿದೆ. ಏನೂ ತೆರೆಯಲಿಲ್ಲ. ಫೈಲು ಕೆಟ್ಟಿರಬೇಕು ಎಂದುಕೊಂಡು ಟೀ ಕುಡಿಯಲು ಹೋದೆ. ಒಳಗೆ ಬಂದವನು ಸದ್ದಿಲ್ಲದೆ ಕೂತು ರಜೆಯ ದಿನಕ್ಕೆ ಕಾಯುತ್ತಿದ್ದ. ಇಂಥವರು ಹಬ್ಬ, ರಜೆ ನೋಡಿಕೊಂಡೇ ಕೈ ಹಾಕುತ್ತಾರೆ. ಈಗ ಇದನ್ನು ನಾನು ನೂರು ಜನಕ್ಕೆ ಹೇಳುತ್ತೇನೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ.

ಆಯುಧಪೂಜೆಯ ದಿನ ಹಸ್ತದ ಮಳೆ ಸಣ್ಣಗೆ ಹಿಡಿದಿತ್ತು. ಮಗ್ಗಗಳನ್ನೆಲ್ಲ ಒರೆಸಿ, ಲಾಳಿಗಳಿಗೆ ಗಂಧ ಹಚ್ಚಿ, ಬಾಗಿಲಿಗೆ ಬಾಳೆಕಂದು ಕಟ್ಟಿದ್ದರು. ಕಂಪ್ಯೂಟರ್ ಕೋಣೆಗೆ ಬಂದ ಬಸವರಾಜಪ್ಪನವರು ಮೇಜು ನೋಡಿದರು.

“ಎಲ್ಲವ್ವ ಆ ಡಬ್ಬಿ? ಬೀರುವ್ನಲ್ಲಿ ಮಡಗ್ತಿದ್ದೀಯಲ್ಲ, ಅದು?”

“ಸಾ, ಅದನ್ನ ಸುಮ್ಸುಮ್ನೆ ಆಚೆ ತೆಗಿಬಾರ್ದು.”

“ಆಯ್ದ ಅಂದ್ಮ್ಯಾಕೆ ಒಂದ ಮಡಗಿ ಒಂದ ಬುಡೋದಾ? ಅದೇ ಕಣವ್ವ ನಮ್ ತಿಜೋರಿ. ಅದ್ಕೇ ಪೂಜೆ ಇಲ್ದಿದ್ರೆ ಎಂಗೆ? ತಕಬಾ. ಸಿಕ್ಸು. ಆರ್ಸಿರೋ ಯಂತ್ರಕ್ಕೆ ಯಾರಾರ ಪೂಜೆ ಮಾಡಾರಾ? ದೀಪ ಉರೀತಿರ್ಲಿ.”

ತಂದೆ. ಸಿಕ್ಕಿಸಿದೆ. ಡಿಸ್ಕಿನ ನೀಲಿ ದೀಪ ಮಿನುಗಿತು. ಪರದೆಯ ಮೇಲೆ ಮಲೆ ಮಾದಪ್ಪನ ಪಟ ಹಾಕಿದೆ. ಹೇಳುವ ಹಾಗಿದ್ದರೆ ಎಲ್ಲವನ್ನೂ ಹೇಳಬೇಕು, ನನಗೂ ಅದು ಚೆಂದ ಕಂಡಿತು. ಅರಿಸಿನ ಕುಂಕುಮ ಇಟ್ಟವಳು ನಾನೇ. ಚೌಡಪ್ಪನವರು ಬಂದು ಯಂತ್ರಕ್ಕೆ ಕೈ ಮುಗಿದರು. “ನಾಳೀಕೆ ನಮ್ ಗೌರೀದ ಮಗ್ಗಕ್ಕೆ ಆಕಿಯಲ್ಲವ್ವ?” ಎಂದರು. ಪೂಜೆ ಮುಗಿದರೆ ಮಾರನೆಯ ದಿನ ಅಯ್ಯನವರು ಬಂದು ಪೂಜೆ ಕದಲಿಸುವವರೆಗೆ ಯಾವ ಆಯುಧವನ್ನೂ ಮುಟ್ಟುವ ಹಾಗಿಲ್ಲ. ಬೀಗ ಹಾಕಿಕೊಂಡು ಊರಿಗೆ ಹೋದೆ.

ವಿಜಯದಶಮಿ ಬೆಳಿಗ್ಗೆ ಹತ್ತು ಗಂಟೆಗೆ ಅವ್ವ ಹೋಳಿಗೆ ತಟ್ಟುತ್ತಿದ್ದಳು. ನನಗೆ ಫೋನು ಬಂತು. ನಕ್ಷೆಯ ಸಾಫ್ಟ್‌ವೇರ್ ಕೊಟ್ಟಿದ್ದ ಕಂಪನಿಯ ಎಂಜಿನಿಯರು. ಅವರು ತಮ್ಮ ಊರಿನಲ್ಲಿ ಕೂತೇ ನಮ್ಮ ಯಂತ್ರದ ಮೇಲೊಂದು ಕಣ್ಣಿಟ್ಟಿರುತ್ತಿದ್ದರು.

“ಮೇಡಂ, ನಿಮ್ಮ ಫೈಲುಗಳ ಹೆಸರು ಒಂದೊಂದೇ ಬದಲಾಗ್ತಿದೆ. ಯಾರೋ ಒಳಗೆ ಬಂದು ಎಲ್ಲಕ್ಕೂ ಬೀಗ ಹಾಕ್ತಿದ್ದಾರೆ. ನಾನು ಇಲ್ಲಿಂದ ತಡೆಯೋಕೆ ಆಗ್ತಿಲ್ಲ. ಯಾರನ್ನಾದರೂ ಈಗಲೇ ಕಳಿಸಿ. ಹಾರ್ಡ್ ಡಿಸ್ಕ್ ಸಿಕ್ಕಿಸಿದ್ದರೆ ಮೊದಲು ಅದನ್ನ ಕೀಳಿಸಿ, ಆಮೇಲೆ ಇಂಟರ್‌ನೆಟ್ ತಂತಿ.”

ಬಸವರಾಜಪ್ಪನವರ ಮನೆ ಸೊಸೈಟಿಯ ಎದುರಿಗೇ. ಬೀಗದಕೈ ಅವರ ಹತ್ತಿರವೇ. ಬೀದಿ ದಾಟಿದರೆ ಮುಗಿಯಿತು. ಅವರಿಗೆ ಫೋನು ಮಾಡಿ ಎಲ್ಲ ಹೇಳಿದೆ.

“ಇನ್ನೂವೆ ಪೂಜೆ ಕದಲ್ಸಿಲ್ವಲ್ಲವ್ವ,” ಎಂದರು. “ಅಯ್ನೋರು ಅನ್ನೆಲ್ಡು ಗಂಟ್ಗೆ ಬತ್ತರೆ. ಅಲ್ಲಿಗಂಟ ಎಂಗ್ ಮುಟ್ಟದು?”

“ಸಾ, ಒಳಕ್ಕೆ ಯಾರೋ ಬಂದವ್ರಂತೆ.”

“ಬಾಗ್ಲಿಗೆ ಬೀಗ ಜಡ್ದದೆ, ಕಣ್ಣೆದ್ರಿಗೇ ಕಾಣ್ತಾ ಅದೆ. ಯಾರು ಬಂದಾರು ಬುಡವ್ವ.”

ನಾನು ಆಗ ಕಿರುಚಬೇಕಿತ್ತು. ಪಾಪ ಬಂದರೆ ನನಗೆ ಬರಲಿ, ನೀವು ಹೋಗಿ ಕೀಳಿ ಎನ್ನಬೇಕಿತ್ತು. ಅವರು ಕೆಟ್ಟವರಲ್ಲ, ಗಟ್ಟಿಸಿ ಹೇಳಿದ್ದರೆ ಹೋಗುತ್ತಿದ್ದರೋ ಏನೋ. ಆದರೆ ನಮ್ಮ ಮನೆಯಲ್ಲೂ ಆ ದಿನ ಕುಡುಗೋಲು ಮುಟ್ಟುವುದಿಲ್ಲ. ಅಲ್ಲಿ ಅಡುಗೆಮನೆಯಲ್ಲಿ ಈಳಿಗೆಮಣೆಗೂ ಹೂವು ಮುಡಿಸಿಟ್ಟಿತ್ತು. ಡಿಪ್ಲೊಮಾ ಓದಿದ ತಲೆಯೊಳಗೆ ಎಲ್ಲೋ ಒಂದು ಕಡೆ ನನಗೂ ಅಂಜಿಕೆ ಇತ್ತು. “ಆಯ್ತು ಸಾ, ನಾನೇ ಬತ್ತೀನಿ,” ಎಂದೆ. ನನ್ನ ಬದುಕಿನಲ್ಲಿ ನಾನು ಆಡಿದ ಕೆಟ್ಟ ಮಾತು ಅದು.

ಹಬ್ಬದ ದಿನ, ಬಸ್ಸುಗಳು ಕಡಿಮೆ. ಹನೂರು ಕಡೆಯಿಂದ ಬಂದ ಬಸ್ಸು ಮೈತುಂಬ ಹೂವು ಹೊತ್ತು ಆಮೆಯ ಹಾಗೆ ಬಂತು. ನಾನು ಸೊಸೈಟಿ ಮುಟ್ಟಿದಾಗ ಹನ್ನೆರಡು ದಾಟಿತ್ತು. ಅಯ್ಯನವರು ಆಗಷ್ಟೇ ನೀರು ಚಿಮುಕಿಸಿ, ಹೂವನ್ನು ಒಂದು ಕೈ ಜರುಗಿಸಿ, “ಕದಲ್ಸಾಯ್ತು, ಇನ್ ಮುಟ್ಟಿ,” ಎನ್ನುತ್ತಿದ್ದರು. ಅವರನ್ನು ತಳ್ಳಿಕೊಂಡು ಹೋಗಿ ಹಿಂದಕ್ಕೆ ಕೈ ಹಾಕಿ ಕಿತ್ತೆ. ನೀಲಿ ದೀಪ ಆರಿತು. ಪರದೆಯಲ್ಲಿ ಮಾದಪ್ಪನ ಪಟ ಇರಲಿಲ್ಲ. ಹಣ ಕೊಟ್ಟರೆ ಬೀಗ ತೆಗೆಯುತ್ತೇವೆ ಎಂಬ ಇಂಗ್ಲಿಷ್ ಬರಹವಿತ್ತು. ಯಂತ್ರದಲ್ಲಿದ್ದ ನಕ್ಷೆಗಳೂ ಡಿಸ್ಕಿನಲ್ಲಿದ್ದ ನಕ್ಷೆಗಳೂ ಒಂದೂ ತೆರೆಯಲಿಲ್ಲ. ಮಗ್ಗಗಳ ಮೇಲಿದ್ದ ಮೂರು ಪೆನ್ ಡ್ರೈವಿನಲ್ಲಿ ಮೂರು ಹಳೇ ನಕ್ಷೆ ಉಳಿದಿದ್ದವು. ಗೌರಿಯ ನಕ್ಷೆಗೆಂದು ತೆಗೆದಿಟ್ಟ ನಾಲ್ಕನೆಯದು ಇನ್ನೂ ಖಾಲಿಯಾಗಿತ್ತು.

ಹತ್ತು ಗಂಟೆಗೇ ಕಿತ್ತಿದ್ದರೆ ಡಿಸ್ಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯುತ್ತಿತ್ತು ಎಂದು ಆ ಎಂಜಿನಿಯರು ಆಮೇಲೆ ಹೇಳಿದರು. ಚಾಮರಾಜನಗರದಿಂದ ಸೈಬರ್ ಪೊಲೀಸಿನ ಒಬ್ಬ ಹೆಣ್ಣುಮಗಳು ಬಂದರು, ಸಬ್‌ಇನ್‌ಸ್ಪೆಕ್ಟರ್. ಯಂತ್ರವನ್ನು ಆರಿಸಬೇಡಿ, ಅಳಿಸಬೇಡಿ ಎಂದರು. ಪರದೆಯ ಫೋಟೊ ತೆಗೆದುಕೊಂಡರು. ಹಣ ಕೊಟ್ಟರೂ ಬೀಗ ತೆಗೆಯುತ್ತಾರೆಂಬ ಭರವಸೆ ಇಲ್ಲ, ಕೊಟ್ಟವರ ಮನೆಗೇ ಮತ್ತೆ ಬರುತ್ತಾರೆ, ಕೊಡಬೇಡಿ ಎಂದರು. ಅವರು ಎಲ್ಲಿಯವರೆಂದು ಹುಡುಕುತ್ತೇವೆ, ಆದರೆ ಆಸೆ ಇಟ್ಟುಕೊಂಡು ಕೂರಬೇಡಿ ಎಂದೂ ಹೇಳಿದರು. ಸುಳ್ಳು ಸಮಾಧಾನ ಹೇಳದ ಆಕೆಯ ಮೇಲೆ ನನಗೆ ಇವತ್ತಿಗೂ ಗೌರವ. ಹೊರಡುವಾಗ ಒಂದು ಪ್ರಶ್ನೆ ಕೇಳಿದರು, “ತಂತಿ ಕೀಳೋಕೆ ಯಾರ ಅಪ್ಪಣೆ ಬೇಕಿತ್ತು ಇಲ್ಲಿ?” ಈಗ ನಾನು ಹೋದ ಕಡೆಯೆಲ್ಲ ಮೊದಲು ಒಂದು ಹಾಳೆ ಕೊಟ್ಟು ಹೆಸರು ಬರೆಸುತ್ತೇನೆ: ಹಬ್ಬವೋ ಹುಣ್ಣಿಮೆಯೋ, ಯಾರನ್ನೂ ಕೇಳದೆ ತಂತಿ ಕೀಳುವವರು ಯಾರು?

ಚೌಡಪ್ಪನವರಿಗೆ ನಾನೇ ಹೋಗಿ ಹೇಳಿದೆ. ಜಗಲಿಯ ಮೇಲೆ ಗೋಡೆಗೊರಗಿ ಕೂತಿದ್ದರು. ಕಂಪ್ಯೂಟರು, ಬೀಗ, ಕಳ್ಳರು ಎಂದೆಲ್ಲ ಏನೇನೋ ಹೇಳಿದೆ. ಅವರು ಕೇಳಿದ್ದು ಒಂದೇ.

“ಗೌರೀದೂವೆ?”

“ಊಂ ತಾತ.”

ಒಳಗೆ ಸರಸಮ್ಮನ ಮಗ್ಗ ನಿಂತಿತು. ಹೊರಗೆ ಬಂದವರೇ, “ಅಪ್ಪ ಎಲ್ಡು ಸಲ ಕೇಳ್ದಲ್ಲ ನಿನ್ನ, ಕಾಗ್ದ ಬೇಡ್ವಾ ಅಂತ. ಎಲ್ಡು ಸಲ! ಏನಂದೆ ನೀನು?” ಎಂದರು. ಚೌಡಪ್ಪನವರು ಮಗಳ ಕಡೆ ಕೈ ಎತ್ತಿದರು. “ಬುಡು ಸರಸಿ. ಒಳೇಗ್ ಬುಟ್ಟೋನು ನಾನು,” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಕಾಪಿ ಕುಡ್ದು ಓಗು ಮಗ,” ಎಂದರು. ಅವರು ಬೈದಿದ್ದರೆ ನನಗೆ ಒಳ್ಳೆಯದಾಗುತ್ತಿತ್ತು.

ಉಳಿದ ನಕ್ಷೆಗಳನ್ನು ಸೀರೆಗಳಿಂದಲೇ ಹೆಕ್ಕಿ ತೆಗೆಯಬಹುದು ಎಂದು ಹೊಳೆದದ್ದು ಬಸವರಾಜಪ್ಪನವರಿಗೆ. ತಮ್ಮ ತಪ್ಪಿಗೆ ಅವರು ಬಾಯಲ್ಲಿ ಏನೂ ಹೇಳಲಿಲ್ಲ, ಕಾಲಲ್ಲಿ ತೀರಿಸಿದರು. ಕೊಳ್ಳೇಗಾಲ, ಯಳಂದೂರು, ಹನೂರು, ಆಚೆ ಮಾರ್ಟಳ್ಳಿಯವರೆಗೆ ನಾವಿಬ್ಬರೂ ಮನೆ ಮನೆ ತಿರುಗಿ, ಬೀರುವಿನ ತಳದ ಮದುವೆ ಸೀರೆಗಳನ್ನು ತೆಗೆಸಿ, ಭೂತಗನ್ನಡಿ ಹಿಡಿದು ಎಳೆ ಎಣಿಸಿ, ಫೋಟೊ ತೆಗೆದೆವು. ಸುಮಾರು ನಕ್ಷೆಗಳು ಹಾಗೆ ತಿರುಗಿ ಬಂದವು. ಈ ಸಲ ಮೂರು ಕಡೆ ಇಟ್ಟೆವು, ಒಂದನ್ನು ಊರಾಚೆ. ಆದರೆ ಗೌರಿಯ ನಕ್ಷೆ ಎಂದೂ ಸೀರೆಯಾಗಿರಲಿಲ್ಲ. ಅದನ್ನು ಹುಡುಕಲು ಯಾವ ಮನೆಯ ಬೀರುವೂ ಇರಲಿಲ್ಲ.

ದೀಪಾವಳಿ ಆದ ಮೇಲೆ ಒಂದು ದಿನ ಸರಸಮ್ಮ ಸೊಸೈಟಿಗೆ ಬಂದರು. “ಅಪ್ಪ ಬರಕ್ ಏಳ್ತಾನೆ,” ಎಂದರು, ಮುಖ ನೋಡದೆ. “ಗ್ರಾಪ್ ಆಳೆ ತಕಂಡು ಬರ್ಬೇಕಂತೆ. ಬಾಯಲ್ಲಿ ಏಳ್ತಾನಂತೆ, ನೀನು ಬರ್ಕಬೇಕಂತೆ.”

ಕಾರ್ತಿಕದಿಂದ ಪುಷ್ಯದವರೆಗೆ ದಿನಾ ಮಧ್ಯಾಹ್ನ ಅವರ ಜಗಲಿಯಲ್ಲಿ ಕೂತೆ. ಅವರು ಕಣ್ಣು ಮುಚ್ಚಿ ತೊಡೆಯ ಮೇಲೆ ಬೆರಳು ಬಡಿಯುತ್ತಾ ಹೇಳುವರು, “ನಾಕು ಬುಡು, ಒಂದೆತ್ತು. ಎಲ್ಡು ಬುಡು, ಮೂರೆತ್ತು. ಈಗ ಸಾಲು ಇಳಿ.” ಎತ್ತು ಎಂದರೆ ಚೌಕ ತುಂಬುವುದು, ಬಿಡು ಎಂದರೆ ಖಾಲಿ ಬಿಡುವುದು. ಒಳಗೆ ಸರಸಮ್ಮನ ಮಗ್ಗದ ಸದ್ದು. ಕೆಲವು ದಿನ ನೂರು ಚೌಕ, ಕೆಲವು ದಿನ ಹತ್ತೂ ಇಲ್ಲ. ತಪ್ಪಿದರೆ ಹಿಂದಕ್ಕೆ ಹೋಗಿ ಮತ್ತೆ ಬರುವರು. ಕಣ್ಣಿಲ್ಲದ ಮನುಷ್ಯ ಇಪ್ಪತ್ತು ವರ್ಷದ ಹಿಂದಿನ ಹಕ್ಕಿಗಳನ್ನು ಒಂದೊಂದೇ ಎಳೆಯಾಗಿ ಕತ್ತಲಿನಿಂದ ಹೊರಗೆ ತರುವುದನ್ನು ನೋಡುತ್ತಾ ನಾನು ಎಷ್ಟೋ ಸಲ ಹಾಳೆಯ ಮೇಲೆ ಕಣ್ಣೀರು ಬೀಳದ ಹಾಗೆ ಮುಖ ಪಕ್ಕಕ್ಕೆ ಇಟ್ಟುಕೊಂಡಿದ್ದೇನೆ.

ಮೂಲ ನಕ್ಷೆಯಲ್ಲಿ ಕೊನೆಯ ಮರಿ ಮಾತ್ರ ಹಿಂದಕ್ಕೆ ತಿರುಗಿ ನೋಡುತ್ತಿತ್ತು. ಗೌರಿ ಚಿಕ್ಕವಳಿದ್ದಾಗ ಹನೂರು ದಾರಿಯಲ್ಲಿ ಬೇಲಿಯಿಂದ ಗೌಜಲಹಕ್ಕಿಗಳು ಸಾಲಾಗಿ ಓಡಿದುವಂತೆ. “ಅಪ್ಪಾ, ಕೊನೇದು ನನ್ನೇ ನೋಡ್ತು,” ಎಂದು ದಾರಿಯುದ್ದಕ್ಕೂ ಹೇಳಿದ್ದಳಂತೆ. ಅದಕ್ಕೇ ಅದನ್ನು ಹಾಗೆ ಬರೆದದ್ದು. ಶ್ರಾವಣದಲ್ಲಿ ನಕ್ಷೆ ಏರಿಸುವಾಗ ಅವರೇ ಹೇಳಿದ್ದರು. ಈಗ ಕೊನೆಯ ಮರಿಗೆ ಬಂದಾಗ, ಅದನ್ನೂ ಉಳಿದವುಗಳ ಹಾಗೆಯೇ, ಮುಂದಕ್ಕೆ ನೋಡುವ ಹಾಗೆಯೇ ಹೇಳಿ ಮುಗಿಸಿದರು.

ನನ್ನ ಪೆನ್ಸಿಲ್ ನಿಂತಿತು. ನಾಳೆ ನೆನಪಾಗಬಹುದು ಎಂದು ಕಾದೆ. ನಾಳೆಯೂ ಆಗಲಿಲ್ಲ. ನೆನಪಿಸಿದರೆ, ಸತ್ತ ಮಗಳ ಮಾತನ್ನು ನೀವು ಮರೆತಿದ್ದೀರಿ ಎಂದು ಆ ಮುದುಕನ ಮುಖದ ಮೇಲೆ ಹೇಳಿದ ಹಾಗೆ. ನಾನೇ ಸೇರಿಸೋಣವೆಂದರೆ ಅದರ ಚೌಕಗಳು ನನಗೆ ಬಾಯಿಪಾಠ ಇರಲಿಲ್ಲ. ಯಾವತ್ತೂ ಬೇಕಾಗುತ್ತದೆ ಎಂದುಕೊಂಡಿರಲಿಲ್ಲವಲ್ಲ.

“ಎಲ್ಲಾ ಬಂತಾ ಮಗ?” ಎಂದು ಕೇಳಿದರು.

“ಎಲ್ಲಾ ಬಂತು ತಾತ.”

ಸರಸಮ್ಮನೇ ನೇಯ್ದರು. ಮಾಘದಲ್ಲಿ ಕಾವ್ಯ ಆ ಸೀರೆ ಉಟ್ಟು ಹಸೆಮಣೆಯ ಮೇಲೆ ಕೂತಳು. ಧಾರೆಗೆ ಮುಂಚೆ ತಾತನ ಹತ್ತಿರ ಬಂದಾಗ ಚೌಡಪ್ಪನವರು ಸೆರಗು ಹಿಡಿದು ಅಂಚಿನ ಜರಿಯ ಮೇಲೆ ಬೆರಳಾಡಿಸಿದರು. ತಾಯಿ ಹಕ್ಕಿ, ಒಂದು ಮರಿ, ಎರಡು, ಮೂರು. ಕೊನೆಯದಕ್ಕೆ ಬಂದು ಬೆರಳು ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಬಂತು, ಮತ್ತೆ ನಿಂತಿತು. ನಾನು ಕಂಬ ಹಿಡಿದು ನಿಂತಿದ್ದೆ.

“ಚೆಂದಾಗಿ ಅದೆ ಕಣವ್ವ,” ಎಂದರು.

ಅವರು ಆ ಬೇಸಿಗೆ ದಾಟಲಿಲ್ಲ. ತಿಥಿಯ ದಿನ ಬಂದವರೆಲ್ಲ ಊಟ ಮಾಡಿ ಹೋದ ಮೇಲೆ ನಾನು ಎಲೆ ಎತ್ತುತ್ತಿದ್ದೆ. ಸರಸಮ್ಮ ನನ್ನ ಕೈ ಹಿಡಿದು ಮಗ್ಗದ ಕೋಣೆಗೆ ಕರೆದೊಯ್ದು ಕೂರಿಸಿದರು. ಜಗಲಿಯಲ್ಲಿ ಕಾಗದದ ಮಾತೆತ್ತಿ ಬೈದ ದಿನದಿಂದ ಅವರು ನನ್ನ ಮುಖ ನೋಡಿ ಮಾತಾಡಿದ್ದು ಅದೇ ಮೊದಲು.

“ಮದ್ವೆ ದಿನ ಸಂದೆ ಅಪ್ಪ ಕೇಳ್ದ ಕಣವ್ವ,” ಎಂದರು. “‘ಸರಸಿ, ಕೊನೇ ಮರಿ ತಿರುಗಿಲ್ವಲ್ಲ. ನಾನು ಏಳದ ಮರ್ತನಾ, ಇಲ್ಲ ಆ ಮಗ ಬರಿಯದ ಮರ್ತಳಾ?’ ಅಂತ. ಮೂರು ಸಲ ಕೇಳ್ದ. ಮಕ ನೋಡಕ್ಕಾಗ್ನಿಲ್ಲ ನನ್ಗೆ.”

“ಏನಂದ್ರಕ್ಕ?”

“ಆ ಮಗನೇ ಬರಿಯದ ಮರ್ತಳು ಅಂದ್ಬುಟ್ಟೆ. ಮಗ್ಗದ ಮುಂದೆ ಕೂತು ಅಪ್ಪ ಏಳದ ನಾನೂ ಕೇಳಿಸ್ಕತಿದ್ದೆ ಕಣವ್ವ, ಯಾರು ಮರ್ತರು ಅಂತ ನಂಗೊತ್ತು. ಆದ್ರೂ ನಿನ್ ಮ್ಯಾಲೇ ಆಕ್ಬುಟ್ಟೆ. ‘ಸದ್ಯ, ನಾನಲ್ವಲ್ಲ ಸರಸಿ’ ಅಂದ. ಉಂಡು ಮನೀಕಂಡ. ಬೈಕಬ್ಯಾಡ ನನ್ನ.”

ಆ ವರ್ಷ ಕಾಗದ ಬೇಡ ಎಂದವಳು ನಾನು. ಲಗತ್ತು ಒತ್ತಿದವಳು, ಡಿಸ್ಕ್ ಸಿಕ್ಕಿಸಿದವಳು, ಫೋನಿನಲ್ಲಿ ಕಿರುಚದೆ ಆಯ್ತು ಸಾ ಎಂದವಳು, ಎಲ್ಲ ನಾನೇ. ಅಷ್ಟರಲ್ಲಿ ನಾನು ಮಾಡದ ತಪ್ಪು ಇದೊಂದೇ. ಸರಸಮ್ಮನ ಕೈಯನ್ನು ಎರಡು ಕೈಯಲ್ಲೂ ಹಿಡಿದುಕೊಂಡೆ.

“ನಾನೇ ಮರ್ತದ್ದು ಕಣಕ್ಕ,” ಎಂದೆ.